ಹಾಸಿಗೆ ಹಿಡಿದವರ ಮನೆಗೆ ಸಭೆಯಿಂದ ಹೋಗುವುದು: ಹಾಡು, ಹಣ್ಣಿನ ಚೀಲ ಬಿಟ್ಟು ಬೇರೇನು?

ಯುವಕೂಟ_ಕಾರ್ಯದರ್ಶಿ

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆ, ಪಟ್ಟಣದ ಅಂಚಿನಲ್ಲಿದೆ. ಮನೆಯಿಂದ ಹೊರಗೆ ಬರಲಾಗದವರು ಒಟ್ಟು ಒಂಬತ್ತು ಮಂದಿ ಇದ್ದಾರೆ. ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು, ಸೊಂಟದ ಮೂಳೆ ಮುರಿದವರು, ಒಬ್ಬರು ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರು. ಅದರಲ್ಲಿ ಇಬ್ಬರು ಸಭೆಯವರಲ್ಲ, ಅಕ್ಕಪಕ್ಕದ ಹಿಂದೂ ಮನೆಯವರು. ಈಗ ನಡೆದುಕೊಂಡು ಬಂದಿರುವುದು ಇಷ್ಟೇ: ಕ್ರಿಸ್‌ಮಸ್‌ಗೆ ಮುಂಚೆ ಎಲ್ಲರೂ ಗುಂಪಾಗಿ ಹೋಗಿ ಎರಡು ಕ್ಯಾರೊಲ್ ಹಾಡಿ, ಕೇಕು ಕೊಟ್ಟು ಬರುವುದು. ಇನ್ನು ಮುಂದೆ ವರ್ಷವಿಡೀ ಮಾಡಬೇಕೆಂದು ಯುವಜನ ಕೂಟದಲ್ಲಿ ತೀರ್ಮಾನವಾಗಿದೆ. ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ. ಯಾರಿಗೂ ವೈದ್ಯಕೀಯ ತರಬೇತಿ ಇಲ್ಲ.

ಹೋಗಿ ಏನು ಮಾಡಬೇಕು, ಎಷ್ಟು ಹೊತ್ತು ಇರಬೇಕು, ಯಾವುದಕ್ಕೆ ಕೈ ಹಾಕಬಾರದು? ಗೊತ್ತಿರುವವರು ಬಿಡಿಸಿ ಹೇಳಿ. "ಪ್ರೀತಿಯಿಂದ ಮಾಡಿ, ಅಷ್ಟು ಸಾಕು" ಎನ್ನುವ ಉತ್ತರ ಬೇಡ, ಅದು ಪ್ರತಿ ಭಾನುವಾರ ಸಿಗುತ್ತದೆ.

---

ಮನೆಆರೈಕೆ_ನರ್ಸ್

ಒಂಬತ್ತು ಮನೆಗೂ ಒಟ್ಟಿಗೇ ಕೈ ಹಾಕಬೇಡಿ. ಮೂರರಿಂದ ಶುರು ಮಾಡಿ. ಯಾರ ಕಾಯಿಲೆ ದೊಡ್ಡದು ಎಂದು ನೋಡಿ ಆರಿಸುವುದಕ್ಕಿಂತ, ಯಾವ ಮನೆಯಲ್ಲಿ ನೋಡಿಕೊಳ್ಳುವವರು ಒಬ್ಬರೇ ಇದ್ದಾರೆ ಎಂದು ನೋಡಿ. ಹೆಚ್ಚಿನ ಕಡೆ ಅದು ಹೆಂಡತಿ, ಇಲ್ಲವೇ ಸೊಸೆ, ಇಲ್ಲವೇ ಮದುವೆಯಾಗದ ಮಗಳು. ರಾತ್ರಿ ಮೂರ್ನಾಲ್ಕು ಸಲ ಎದ್ದು ಮಗ್ಗುಲು ಬದಲಿಸಿ, ಹಗಲಿಗೆ ಅಡುಗೆ, ಬಟ್ಟೆ, ಔಷಧಿ ಎಲ್ಲ ನೋಡುವ ಹೆಂಗಸು ತನ್ನ ಹಲ್ಲುನೋವಿಗೂ ಡಾಕ್ಟರ ಹತ್ತಿರ ಹೋಗಿರುವುದಿಲ್ಲ. ಅಂಥ ಮನೆಗೆ ಹನ್ನೆರಡು ಜನ ಹೋಗಿ ಹಾಡಿದರೆ ಅವಳ ಪಾಲಿಗೆ ಬರುವುದು ಹನ್ನೆರಡು ಲೋಟ ಚಹಾ ಮಾಡುವ ಕೆಲಸ.

ಅವಳಿಗೆ ಕೊಡಬೇಕಾದದ್ದು ಹೊತ್ತು. ವಾರಕ್ಕೊಂದು ದಿನ, ಅದೇ ದಿನ, ಅದೇ ಹೊತ್ತಿಗೆ ಎರಡು ಗಂಟೆ. "ಯಾವಾಗ ಬೇಕಾದರೂ ಕರೀರಿ" ಅಂದರೆ ಯಾರೂ ಕರೆಯುವುದಿಲ್ಲ. "ಬುಧವಾರ ಮೂರಕ್ಕೆ ಬರ್ತೀವಿ, ಐದರವರೆಗೆ ಇರ್ತೀವಿ" ಅಂದರೆ ಅವಳು ಬ್ಯಾಂಕಿಗೋ ದಂತವೈದ್ಯರ ಹತ್ತಿರವೋ ಹೋಗಿಬರಬಹುದು, ಇಲ್ಲದಿದ್ದರೆ ನಿದ್ದೆ ಮಾಡಬಹುದು. ಹೆಚ್ಚಿನವರು ಮೊದಲ ತಿಂಗಳು ನಿದ್ದೆಯನ್ನೇ ಆರಿಸಿಕೊಳ್ಳುತ್ತಾರೆ.

ಇದನ್ನು ಮೂರು ಹಂತದಲ್ಲಿ ಮಾಡಿ. ಮೊದಲ ವಾರ ಅವರು ಮನೆಯಲ್ಲೇ ಇರಲಿ, ನೀವು ಜೊತೆಗಿದ್ದು ನೋಡಿಕೊಳ್ಳಿ: ಹೇಗೆ ಎತ್ತುತ್ತಾರೆ, ಹೇಗೆ ಕುಡಿಸುತ್ತಾರೆ, ಯಾವುದಕ್ಕೆ ರೋಗಿ ಸಿಡಿಮಿಡಿಗೊಳ್ಳುತ್ತಾರೆ. ಎರಡನೇ ವಾರ ಅವರು ಪಕ್ಕದ ಕೋಣೆಯಲ್ಲಿ ಮಲಗಲಿ. ಮೂರನೇ ವಾರ ಹೊರಗೆ ಹೋಗಲಿ. ಹೋಗುವ ಮುಂಚೆ ಒಂದು ಹಾಳೆ ಬರೆಸಿಕೊಳ್ಳಿ. ಆ ಎರಡು ಗಂಟೆಯಲ್ಲಿ ಕೊಡಬೇಕಾದ ಮಾತ್ರೆ ಇದ್ದರೆ ಯಾವುದು (ಅವರೇ ಬಟ್ಟಲಿಗೆ ತೆಗೆದಿಟ್ಟಿರಬೇಕು, ನೀವು ಮಾತ್ರೆಯ ಸ್ಟ್ರಿಪ್‌ನಿಂದ ಬಿಡಿಸಬಾರದು), ಕೊನೆಗೆ ಮಗ್ಗುಲು ಬದಲಿಸಿದ್ದು ಎಷ್ಟು ಗಂಟೆಗೆ, ನೀರು ತೆಳ್ಳಗೆ ಕುಡಿಯಬಹುದೋ ಇಲ್ಲವೋ, ಯಾವ ಔಷಧಿ ಆಗುವುದಿಲ್ಲ, ಅವರ ಮೊಬೈಲ್, ಡಾಕ್ಟರ ಮೊಬೈಲ್. ಆ ಹಾಳೆ ಮಂಚದ ಹತ್ತಿರ ಗೋಡೆಯ ಮೇಲಿರಲಿ, ಯಾರದೋ ಜೇಬಿನಲ್ಲಿ ಅಲ್ಲ.

ಮಗ್ಗುಲು ಬದಲಿಸುವುದನ್ನು ಮಾತ್ರ ಎಲ್ಲ ಹನ್ನೆರಡು ಜನರೂ ಕಲಿಯಲೇಬೇಕು. ಮಾಮೂಲಿ ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ: ಎಡ, ಅಂಗಾತ, ಬಲ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಆದ್ದರಿಂದ ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ವಾಲಿಸಿ. ಮೊಣಕಾಲುಗಳ ನಡುವೆ ಇನ್ನೊಂದು ದಿಂಬು. ಅಂಗಾತ ಮಲಗಿದ್ದಾಗ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ ಮಾಡಿ. ಹಿಮ್ಮಡಿಯ ಕೆಳಗೇ ದಿಂಬಿಟ್ಟರೆ ಪ್ರಯೋಜನವಿಲ್ಲ.

ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಎಳೆತಕ್ಕೆ ಬೆನ್ನಿನ ಚರ್ಮ ಕಿತ್ತು ಬರುತ್ತದೆ, ಲಕ್ವ ಹೊಡೆದ ಕಡೆಯ ಭುಜ ಜಾರುತ್ತದೆ. ಭುಜದಿಂದ ತೊಡೆಯವರೆಗೆ ಬರುವಂತೆ ನಾಲ್ಕು ಮಡಿಕೆಯ ಹತ್ತಿ ಸೀರೆ ಹಾಸಿ, ಎರಡೂ ಪಕ್ಕ ಒಬ್ಬೊಬ್ಬರು ನಿಂತು, ಸೀರೆಯ ಅಂಚನ್ನು ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿದು, ಒಂದೇ ಎಣಿಕೆಗೆ ಎತ್ತಿ ಸರಿಸಿ. ಇದಕ್ಕಾಗಿಯೇ ಯಾವತ್ತೂ ಇಬ್ಬರು ಹೋಗಬೇಕು. ನಿಮ್ಮ ಸೊಂಟಕ್ಕೂ ಅದೇ ಕ್ಷೇಮ.

ಬದಲಿಸುವಾಗಲೆಲ್ಲ ಬೆನ್ನಿನ ಕೆಳಭಾಗ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಳ್ಳದೆ ಹಾಗೇ ಕೆಂಪಗಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ನೇರಳೆಗೆ ತಿರುಗಿದೆಯೇ ಎಂದು ಮುಟ್ಟಿ ನೋಡಿ. ಅಂಥ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದು ಎಲ್ಲ ಮನೆಯಲ್ಲೂ ಮಾಡುವ ತಪ್ಪು. ಕೆಳಗಿನ ಮಾಂಸ ಆಗಲೇ ನಲುಗಿರುತ್ತದೆ, ತಿಕ್ಕಿದರೆ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ಗಾಳಿ ರಿಂಗೂ ಬೇಡ, ಅದು ಸುತ್ತಲ ರಕ್ತ ಓಟವನ್ನು ಒತ್ತಿಹಿಡಿಯುತ್ತದೆ.

ಗಾಳಿ ಹಾಸಿಗೆ ಇದ್ದ ಮನೆಯಲ್ಲಿ ಮೊದಲು ಪಂಪ್ ನಡೆಯುತ್ತಿದೆಯೇ ನೋಡಿ. ಅದರ ಮೇಲೆ ಕಂಬಳಿ, ರಬ್ಬರ್ ಶೀಟ್, ಎರಡು ಬೆಡ್‌ಶೀಟ್ ಹಾಸಿಟ್ಟಿದ್ದರೆ ಹಾಸಿಗೆ ಇದ್ದೂ ಇಲ್ಲದಂತೆ. ಒಂದೇ ಹತ್ತಿ ಬಟ್ಟೆ ಸಾಕು. ಗಾಳಿ ಹಾಸಿಗೆ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡುವ ಹಾಗೂ ಇಲ್ಲ.

ಕೈ ಹಾಕಬಾರದವು: ಇಂಜೆಕ್ಷನ್, ಇನ್ಸುಲಿನ್, ಗಾಯದ ಡ್ರೆಸ್ಸಿಂಗ್, ಮೂಗಿನ ನಳಿಕೆಯಲ್ಲಿ ಆಹಾರ, ಮೂತ್ರದ ನಳಿಕೆ ಬದಲಿಸುವುದು. ನಳಿಕೆಯ ಚೀಲ ಮಾತ್ರ ಗಮನಿಸಿ. ಅದು ಸೊಂಟಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು, ನಳಿಕೆ ಮಡಚಿರಬಾರದು. ನಾಲ್ಕು ತಾಸಿನಿಂದ ಚೀಲಕ್ಕೆ ಹನಿ ಬಿದ್ದಿಲ್ಲವೆಂದರೆ ಮನೆಯವರಿಗೆ ಫೋನ್ ಮಾಡಿ. ನಿಮಗೆ ನೆಗಡಿ, ಜ್ವರ, ಭೇದಿ ಇದ್ದ ವಾರ ಹೋಗಲೇಬೇಡಿ, ಆದರೆ ಬದಲಿ ಒಬ್ಬರನ್ನು ಕಳಿಸಿ.

---

ವಾರ್ಡು_ಗುರ್ಕಾರ್

ನರ್ಸಮ್ಮ ಹೇಳಿದ್ದಕ್ಕೆ ಕಥೋಲಿಕ ಧರ್ಮಕೇಂದ್ರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಈ ಕೆಲಸ ಹೆಚ್ಚಾಗಿ ವಿನ್ಸೆಂಟ್ ದಿ ಪೌಲ್ ಸಭೆ ಎಂಬ ಸೇವಾ ಸಂಘದವರ ಪಾಲಿಗೆ ಬರುತ್ತದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝಾನಾಮ್ ಮತ್ತು ಜೊತೆಗಾರರು ಅದನ್ನು ಶುರು ಮಾಡಿದಾಗ ಅವರೆಲ್ಲ ಹೆಚ್ಚುಕಡಿಮೆ ನಿಮ್ಮ ಹಾಗೇ ಏನೂ ಗೊತ್ತಿಲ್ಲದ ಹುಡುಗರು, ಕಾಲೇಜು ವಿದ್ಯಾರ್ಥಿಗಳು. ಯಾವ ಮನೆಗೆ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಹೇಳಿಕೊಟ್ಟವರು ಆ ಬಡಾವಣೆಯಲ್ಲಿ ಆಗಲೇ ದುಡಿಯುತ್ತಿದ್ದ ರೊಸಾಲಿ ರೆಂಡು ಎಂಬ ಸಿಸ್ಟರ್. ನಿಮ್ಮೂರಿನಲ್ಲೂ ಅಂಥವರು ಒಬ್ಬರಿರುತ್ತಾರೆ: ನಿವೃತ್ತ ನರ್ಸು, ಆಶಾ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿ. ಮೊದಲು ಅವರ ಮುಂದೆ ಎರಡು ಸಂಜೆ ಕೂತುಕೊಳ್ಳಿ. ಒಬ್ಬ ಹುಡುಗನನ್ನೇ ಮಂಚದ ಮೇಲೆ ಮಲಗಿಸಿ ಸೀರೆಯಲ್ಲಿ ಎತ್ತುವುದನ್ನು ಎಲ್ಲರೂ ಮಾಡಿ ನೋಡಿ.

ಇಬ್ಬಿಬ್ಬರಾಗಿ ಹೋಗುವುದು ಅಂದಿನಿಂದಲೂ ಆ ಸಭೆಯ ಕ್ರಮ. ಎತ್ತಲಿಕ್ಕೆ ಮಾತ್ರ ಅಲ್ಲ, ಮುಂದೆ ಒಂದು ಉಂಗುರ ಕಾಣೆಯಾಯಿತು, ಯಾರೋ ಏನೋ ಅಂದರು ಎಂದಾಗಲೂ ಇಬ್ಬರಿದ್ದದ್ದು ಕಾಯುತ್ತದೆ. ಇಬ್ಬರಲ್ಲಿ ಒಬ್ಬರು ರೋಗಿಯ ಲಿಂಗದವರೇ ಇರಲಿ. ರೋಗಿಯ ಎಟಿಎಂ ಕಾರ್ಡು, ಪಿನ್, ಚೆಕ್ಕು, ಒಡವೆ ಮುಟ್ಟಬೇಡಿ. ಉಯಿಲಿಗೆ ಸಾಕ್ಷಿ ಹಾಕಬೇಡಿ, ಎಷ್ಟೇ ಒತ್ತಾಯ ಮಾಡಲಿ. ಆಸ್ತಿ ಜಗಳದ ಮನೆಯಲ್ಲಿ ಒಂದು ಸಹಿ ಹಾಕಿದರೆ ಹತ್ತು ವರ್ಷ ಕೋರ್ಟಿಗೆ ಅಲೆಯಬೇಕಾಗುತ್ತದೆ, ಮತ್ತೆ ಆ ಮನೆಗೆ ಸೇವೆಯ ಬಾಗಿಲೂ ಮುಚ್ಚುತ್ತದೆ.

ಇನ್ನು ಊಟ. ಸಭೆಗಳಲ್ಲಿ ಊಟದ ವ್ಯವಸ್ಥೆ ಕೆಡುವುದು ಯಾವಾಗಲೂ ಒಂದೇ ರೀತಿ. ಆಸ್ಪತ್ರೆಯಿಂದ ಬಂದ ಮೊದಲ ವಾರ ಒಂದೇ ಮನೆಗೆ ದಿನಕ್ಕೆ ಮೂರು ಕ್ಯಾರಿಯರ್, ಫ್ರಿಜ್ಜು ತುಂಬಿ ಚೆಲ್ಲುತ್ತಾರೆ. ಮೂರನೇ ವಾರ ಯಾರೂ ಇಲ್ಲ. ಆದ್ದರಿಂದ ಒಬ್ಬರು ಪಟ್ಟಿ ಹಿಡಿಯಬೇಕು. ವಾರಕ್ಕೆ ಎರಡೇ ದಿನ, ಆದರೆ ಆರು ವಾರ. ಮಂಗಳವಾರ, ಶುಕ್ರವಾರ ಅಂತಿಟ್ಟುಕೊಳ್ಳಿ. ಭಾನುವಾರ ಬಿಡಿ, ಅವತ್ತು ಹೇಗೂ ನೆಂಟರು ಬರುತ್ತಾರೆ. ಮಧ್ಯಾಹ್ನದ ಊಟ 12ಕ್ಕೆ ಮುಂಚೆ ತಲುಪಬೇಕು, ಒಂದೂವರೆಗೆ ತಂದರೆ ಅವರು ಅಷ್ಟರಲ್ಲಿ ಅನ್ನ ಮಾಡಿಟ್ಟಿರುತ್ತಾರೆ. ಸ್ಟೀಲ್ ಡಬ್ಬಿ ಕೊಟ್ಟರೆ ಮುಂದಿನ ಸಲ ಬಂದವರೇ ತೊಳೆಯದ್ದನ್ನೂ ಹಾಗೇ ತೆಗೆದುಕೊಂಡು ಹೋಗಿ. ಡಬ್ಬಿ ತೊಳೆದು, ಅದರೊಳಗೆ ಏನಾದರೂ ಹಾಕಿ ಹಿಂತಿರುಗಿಸುವ ಮರ್ಯಾದೆ ನಮ್ಮ ಹೆಂಗಸರಿಗೆ ದೊಡ್ಡ ಹೊರೆ. ಬಿ.ಪಿ., ಹೃದಯದ ತೊಂದರೆ ಇದ್ದವರಿಗೆ ಉಪ್ಪು ಕಡಿಮೆ. ಉಪ್ಪಿನಕಾಯಿ, ಒಣಮೀನು ಬೇಡ.

ಹಣ್ಣಿನ ಚೀಲದ ಬಗ್ಗೆ ಒಂದು ಮಾತು. ಕಿಡ್ನಿ ಕಾಯಿಲೆಯವರಿಗೆ ಬಾಳೆಹಣ್ಣು, ಎಳನೀರು ಎರಡೂ ಅಪಾಯ, ಪೊಟ್ಯಾಷಿಯಂ ಏರುತ್ತದೆ. ರೋಗಿಯನ್ನು ನೋಡಲು ಹೋಗುವವರು ಕಣ್ಣುಮುಚ್ಚಿ ಕೊಳ್ಳುವುದು ಅವೆರಡನ್ನೇ! ಸಕ್ಕರೆ ಕಾಯಿಲೆಯವರ ಮನೆಗೆ ಕ್ರಿಸ್‌ಮಸ್ ಕುಸ್ವಾರ್ (ಹಬ್ಬದ ಸಿಹಿತಿಂಡಿ) ಕೊಡುವುದಾದರೆ ನೋಡಿಕೊಳ್ಳುವವರ ಕೈಗೆ ಕೊಡಿ, ಮಂಚದ ಮೇಲೆ ಇಡಬೇಡಿ. ಏನು ಬೇಕು ಎಂದು ಕೇಳಿದರೆ ವಯಸ್ಕರ ಡಯಾಪರ್, ಕೈಗವಸು, ಹಳೆಯ ಹತ್ತಿ ಸೀರೆ ಎನ್ನುತ್ತಾರೆ. ಡಯಾಪರ್ ಅಳತೆ ಸೊಂಟದ ಸುತ್ತಳತೆಯ ಮೇಲೆ ಹೋಗುತ್ತದೆ, ಕೇಳಿಕೊಂಡೇ ಕೊಳ್ಳಿ.

ಪಟ್ಟಿ ಮಾಡುವಾಗ ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆದು ನೋಡಿ. ಪ್ರತಿದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋದರು ಎಂದು ಗೊಣಗಾಟ ಎದ್ದಿತು. ಅಪೊಸ್ತಲರು ಅದಕ್ಕೆ ಪ್ರಸಂಗ ಮಾಡಲಿಲ್ಲ, ಏಳು ಮಂದಿಯನ್ನು ನೇಮಿಸಿದರು. ನಮ್ಮ ಪಟ್ಟಿಗಳಲ್ಲೂ ಬಿಟ್ಟುಹೋಗುವವರು ಅಂಥವರೇ. ಬೇರೆ ಮಾತಿನವರು, ಬಾಡಿಗೆ ಮನೆಗೆ ಹೊಸದಾಗಿ ಬಂದವರು, ವರಾಡ (ಚರ್ಚಿಗೆ ಕೊಡುವ ವಂತಿಗೆ) ಬಾಕಿ ಇರುವವರು, ಬೇರೆ ಧರ್ಮದವರನ್ನು ಮದುವೆಯಾಗಿ ದೂರವಾದವರು.

---

ನಾರಾಯಣಪುರ_ಧಾರವಾಡ

ಮಾತಾಡೋದ್ರ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಲಕ್ವ ಹೊಡೆದವರ ಕೂಡ ಮಾತಾಡುವಾಗ ಅವರಿಗೆ ಕಾಣೋ ಕಡೆ ಕುಂದರ್ರಿ. ಎಷ್ಟೋ ಮಂದಿಗೆ ಒಂದು ಬದಿ ನೋಟಾನೇ ಇರಂಗಿಲ್ಲ, ಆ ಬದಿ ನಿಂತು ಮಾತಾಡಿದ್ರ ಯಾರೋ ಎಲ್ಲಿಂದಲೋ ಒದರಿದಂಗ ಆಗ್ತದ. ಮಾತು ಹೋದವರಿಗೆ "ಏನು ಬೇಕ್ರಿ?" ಅಂತ ಕೇಳಬ್ಯಾಡ್ರಿ. "ನೀರು ಬೇಕ್ರಿ?" ಅನ್ರಿ, ಹೌದು ಅಲ್ಲ ಅನ್ನೂ ಹಂಗ. ಕೇಳಿ ಹತ್ತು ಎಣಿಸೂತನಕ ಸುಮ್ಮನಿರ್ರಿ. ನಾವು ಮೂರಕ್ಕ ಎರಡನೇ ಪ್ರಶ್ನಿ ಹಾಕಿಬಿಡ್ತೀವಿ, ಅವರು ಮೊದಲನೇದಕ್ಕ ಮಾತು ಹುಡುಕಾಕತ್ತಿರ್ತಾರ. ಮಾತು ಬರಂಗಿಲ್ಲ ಅಂದ್ರ ತಿಳಿಯಂಗಿಲ್ಲ ಅಂತಲ್ಲ, ಅವರ ಮುಂದನ ಅವರ ಬಗ್ಗೆ ಮೂರನೇಯವರ ಹಂಗ ಮಾತಾಡಬ್ಯಾಡ್ರಿ.

ಮರೆವಿನವರಿಗೆ "ನಾ ಯಾರು ಹೇಳ್ರಿ ನೋಡೋಣು?" ಅಂತ ಪರೀಕ್ಷಾ ಮಾಡೋದು ಶುದ್ಧ ಕ್ರೂರತನ. ಹೆಸರು ನೀವ ಹೇಳ್ರಿ, ಪ್ರತಿ ವಾರ ಹೇಳ್ರಿ. ತೀರಿಹೋದ ಗಂಡ ಎಲ್ಲಿ ಅಂತ ಕೇಳಿದ್ರ ಪ್ರತಿ ಸಲ ಸಾವಿನ ಸುದ್ದಿ ಕೊಡೂದು ಬ್ಯಾಡ, ಅವರಿಗದು ಪ್ರತಿ ಸಲ ಹೊಸದು. "ಅವರು ಏನು ಕೆಲಸ ಮಾಡ್ತಿದ್ರು?" ಅಂತ ಮಾತು ತಿರುವ್ರಿ.

ನೋಡಾಕಷ್ಟ ಹೋಗಿದ್ರ ಇಪ್ಪತ್ತು ನಿಮಿಷ ಸಾಕು. ಫೋನ್ ಮಾಡಿ ಹೋಗ್ರಿ.

---

ಯುವಕೂಟ_ಕಾರ್ಯದರ್ಶಿ

ಇಷ್ಟು ನಿರೀಕ್ಷಿಸಿರಲಿಲ್ಲ, ವಂದನೆಗಳು. ಮೂರು ವಿಷಯ ಉಳಿದಿವೆ. ಒಂದು, ತಿನ್ನಿಸುವುದು: ಆ ಎರಡು ಗಂಟೆಯಲ್ಲಿ ಗಂಜಿ ಕೊಡಬೇಕಾಗಿ ಬಂದರೆ? ಎರಡು, ಪ್ರಾರ್ಥನೆ: ಅದರಲ್ಲೂ ಪಕ್ಕದ ಹಿಂದೂ ಮನೆಗಳಲ್ಲಿ. ಮೂರು, ನಮ್ಮಲ್ಲಿ ಕೆಲವರು ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಉಳಿದವರಿಗೂ ಪ್ರೇರಣೆ ಎನ್ನುತ್ತಿದ್ದಾರೆ.

---

ಮನೆಆರೈಕೆ_ನರ್ಸ್

ತಿನ್ನಿಸುವುದಕ್ಕೆ ಮಾತ್ರ ನಾನು. ಮಲಗಿಸಿಕೊಂಡು ಒಂದು ಚಮಚವೂ ಬೇಡ. ಬೆನ್ನಿಗೆ ದಿಂಬು ಒಟ್ಟಿ ಸಾಧ್ಯವಾದಷ್ಟು ನೇರ ಕೂರಿಸಿ, ಗದ್ದ ತುಸು ಎದೆಯ ಕಡೆ ಬಾಗಿರಲಿ. ತಲೆ ಹಿಂದಕ್ಕೆ ವಾಲಿದರೆ ಉಸಿರ ದಾರಿ ತೆರೆದುಕೊಳ್ಳುತ್ತದೆ, ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ನಿಂತುಕೊಂಡು ತಿನ್ನಿಸಿದರೆ ಅವರು ತಲೆ ಮೇಲೆತ್ತಲೇಬೇಕಾಗುತ್ತದೆ, ಆದ್ದರಿಂದ ನೀವೂ ಕೂತುಕೊಳ್ಳಿ. ಟೀ ಚಮಚದಲ್ಲಿ ಅರ್ಧ. ಗಂಟಲಿನ ಗುಬಟು ಮೇಲೆ ಹೋಗಿ ಕೆಳಗೆ ಬಂದದ್ದು ಕಂಡ ಮೇಲೆ ಇನ್ನೊಂದು. ಲಕ್ವ ಇದ್ದವರಿಗೆ ಚೆನ್ನಾಗಿರುವ ಕಡೆಯ ದವಡೆಗೆ ಕೊಡಿ. ಕೊನೆಯಲ್ಲಿ ಇನ್ನೊಂದು ಕೆನ್ನೆಯೊಳಗೆ ತುತ್ತು ಉಳಿದಿದೆಯೇ ನೋಡಿ.

ತೆಳ್ಳಗಿನ ನೀರಿಗೆ ಕೆಮ್ಮುವವರು ರಾಗಿ ಅಂಬಲಿ ಅಥವಾ ಗಟ್ಟಿ ಮೊಸರನ್ನು ಸಲೀಸಾಗಿ ನುಂಗಬಹುದು, ತೆಳ್ಳಗಿನದು ವೇಗವಾಗಿ ಜಾರುವುದೇ ಅಲ್ಲಿ ತೊಂದರೆ. ಎಷ್ಟು ಗಟ್ಟಿ ಎಂಬುದನ್ನು ಅವರ ಡಾಕ್ಟರು ಹೇಳಿರಬೇಕು, ನೀವು ಊಹಿಸಬೇಡಿ. ಕೆಮ್ಮಿದರೆ, ದನಿ ಗೊರಗೊರ ಎಂದರೆ, ಕಣ್ಣಲ್ಲಿ ನೀರು ಬಂದರೆ ಅಲ್ಲಿಗೇ ನಿಲ್ಲಿಸಿ. ತೂಕಡಿಸುತ್ತಿದ್ದರೆ ಶುರುವೇ ಮಾಡಬೇಡಿ. ತಿಂದ ಮೇಲೆ ಅರ್ಧ ಗಂಟೆ ಹಾಗೇ ಕೂತಿರಲಿ. ಊಟದ ಹೊತ್ತು ಬಿಟ್ಟರೆ ತಲೆಯ ಕಡೆ 30 ಡಿಗ್ರಿಗಿಂತ ಎತ್ತರ ಬೇಡ, ಕೆಳಕ್ಕೆ ಜಾರಿ ಜಾರಿ ಬೆನ್ನಿನ ಚರ್ಮ ಹರಿಯುತ್ತದೆ.

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಗಂಟೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ಎಷ್ಟು ಗಂಟೆಗೆ ಶುರುವಾಯಿತು ಎಂಬುದೇ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ. ಕ್ಯಾನ್ಸರಿನ ಕೊನೆಯ ಹಂತದವರ ಮನೆಯಲ್ಲಿ ಮಾತ್ರ ಇದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಆಸ್ಪತ್ರೆಗೆ ಸಾಗಿಸುವುದು ಬೇಡವೆಂದು ಡಾಕ್ಟರ ಜೊತೆ ತೀರ್ಮಾನಿಸಿದ್ದರೆ ಮೊದಲು ಯಾರಿಗೆ ಫೋನ್ ಎಂಬುದು ಆ ಗೋಡೆಯ ಹಾಳೆಯಲ್ಲಿ ಬರೆದಿರಲಿ.

---

ಅಯ್ಯನವರು_ಹಳ್ಳಿಸಭೆ

ಪ್ರಾರ್ಥನೆಯ ಪ್ರಶ್ನೆಗೆ ಸಭಾಪಾಲಕನಾಗಿ ಉತ್ತರಿಸುತ್ತೇನೆ.

ಸಭೆಯವರ ಮನೆಯಲ್ಲಿ ಇಂದಿನ ಯುವಜನರು ಸಂಕೋಚದಿಂದ ಪ್ರಾರ್ಥನೆಯನ್ನೇ ಬಿಟ್ಟು ಬರುತ್ತಾರೆ, ಅದೂ ಕೊರತೆಯೇ. ಹೊರಡುವಾಗ ಎರಡು ನಿಮಿಷ ಸಾಕು. ಹೊಸದೇನನ್ನೂ ಕಟ್ಟಬೇಡಿ. 23ನೇ ಕೀರ್ತನೆ, ಕರ್ತನ ಪ್ರಾರ್ಥನೆ, ಅವರು ಬಾಲ್ಯದಿಂದ ಹಾಡಿದ ಒಂದು ಸಂಗೀತದ ಮೊದಲ ಚರಣ. ಹಳೆಯ ಅನುವಾದದಲ್ಲೇ ಓದಿ, ಬಾಯಿಪಾಠವಿರುವುದು ಅದೇ. ಮಾತು ಹೋದವರೂ ಬಾಯಿಪಾಠದ ಸಾಲುಗಳಿಗೆ ತುಟಿ ಆಡಿಸುವುದುಂಟು, ಆದ್ದರಿಂದ ನಿಧಾನವಾಗಿ ಓದಿ, ಸಾಲಿನ ಕೊನೆಯಲ್ಲಿ ನಿಲ್ಲಿ. ಗಿಟಾರ್, ಕೀಬೋರ್ಡ್ ಮನೆಯಲ್ಲೇ ಇರಲಿ. ಪ್ರಾರ್ಥನೆಯಲ್ಲಿ ನೋಡಿಕೊಳ್ಳುವವರ ಹೆಸರನ್ನೂ ಹೇಳಿ, ಅವರನ್ನು ಸಾಮಾನ್ಯವಾಗಿ ಎಲ್ಲರೂ ಮರೆಯುತ್ತಾರೆ.

ಹೇಳಬಾರದ್ದು ಎರಡಿದೆ. ನಂಬಿಕೆ ಸಾಲದ್ದರಿಂದ ವಾಸಿಯಾಗಿಲ್ಲ ಎಂಬುದು ಒಂದು. ಯೋಹಾನನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನ ವಿಷಯಕ್ಕೆ ಶಿಷ್ಯರು ಯಾರ ಪಾಪ ಎಂದು ಕೇಳಿದಾಗ ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದನು. ಪ್ರಾರ್ಥನೆ ಆಗಿದೆ, ಇನ್ನು ಮಾತ್ರೆ ಬೇಡ ಎಂಬುದು ಇನ್ನೊಂದು. ಅದನ್ನು ಹೇಳುವವರು ನಿಮ್ಮ ಗುಂಪಿನಲ್ಲಿದ್ದರೆ ಮನೆಗಳಿಗೆ ಕಳಿಸಬೇಡಿ, ಬೇರೆ ಕೆಲಸ ಕೊಡಿ.

ಹಿಂದೂ ನೆರೆಯವರ ಮನೆಯಲ್ಲಿ ಸೇವೆ ಅದೇ, ಹೊತ್ತು ಅದೇ, ಇಬ್ಬರು ಅದೇ. ಪ್ರಾರ್ಥನೆಯನ್ನು ನೀವಾಗಿ ಎತ್ತಬೇಡಿ, ಕರಪತ್ರ ಒಯ್ಯಬೇಡಿ, ಅಕ್ಕಿ ಚೀಲದ ಮೇಲೆ ವಾಕ್ಯ ಅಂಟಿಸಬೇಡಿ. ಹಾಸಿಗೆಯಲ್ಲಿರುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ, ತನ್ನ ಮೈ ತೊಳೆದವರಿಗೆ ಬೇಡ ಎನ್ನುವ ಧೈರ್ಯವೂ ಇರುವುದಿಲ್ಲ. ಅವರೇ ಕೇಳಿದರೆ, ಮನೆಯವರು ಎದುರಿಗಿರುವಾಗ, ಚಿಕ್ಕದಾಗಿ ಮಾಡಿ. ಅವರ ದೇವರಕೋಣೆಯ ಮುಂದೆ ಚಪ್ಪಲಿ ಬಿಡುವುದು, ಅಡುಗೆಮನೆಗೆ ಕೇಳದೆ ನುಗ್ಗದಿರುವುದು, ಊಟ ಒಯ್ಯುವ ಮುಂಚೆ ನಮ್ಮ ಮನೆಯದ್ದು ಆದೀತೇ, ಮೊಟ್ಟೆ ಮಾಂಸ ಉಂಟೇ ಎಂದು ವಿಚಾರಿಸುವುದು ನಿಮ್ಮ ಜವಾಬ್ದಾರಿ. ಆಗದು ಎಂದರೆ ಮುಖ ಸಣ್ಣ ಮಾಡದೆ ಡಯಾಪರ್ ಕೊಂಡೊಯ್ಯಿರಿ.

ಫೋಟೋ ಬೇಡವೇ ಬೇಡ. ಬಾಯಿ ಸೊಟ್ಟಗಾದ, ಅರೆಬಟ್ಟೆಯ ಮನುಷ್ಯ ಒಪ್ಪಿಗೆ ಕೊಟ್ಟ ಎನ್ನುವುದಕ್ಕೆ ಅರ್ಥವಿಲ್ಲ. ಭಾನುವಾರದ ಪ್ರಾರ್ಥನೆ ವಿನಂತಿಯಲ್ಲೂ ಹೆಸರು ಹೇಳಲು ಮನೆಯವರನ್ನು ಕೇಳಿ, ಕಾಯಿಲೆಯ ಹೆಸರಂತೂ ಹೇಳಲೇಬೇಡಿ.

---

ಸತ್ಯವಾಕ್ಯ_77

ಅಯ್ಯನವರ ಮಾತು ಪೂರ್ತಿ ಒಪ್ಪಲಾರೆ. ಯೇಸುವಿನ ಹೆಸರು ಎತ್ತದೆ ಮೈ ತೊಳೆದು ಬಂದರೆ ನಮಗೂ ಯಾವುದೋ ಸಮಾಜಸೇವಾ ಸಂಘಕ್ಕೂ ಏನು ವ್ಯತ್ಯಾಸ? ಸಾಯುವ ಹೊತ್ತಿನಲ್ಲಿರುವವರಿಗೆ ಸುವಾರ್ತೆ ಹೇಳದೆ ಇರುವುದು ಯಾವ ಪ್ರೀತಿ?

---

ಅಯ್ಯನವರು_ಹಳ್ಳಿಸಭೆ

ಲೂಕನ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯದವನು, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಮಾಡಿದ್ದನ್ನು ಸಾಲಾಗಿ ನೋಡಿ. ಹತ್ತಿರ ಹೋದ, ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಸವಾರಿಯ ಮೇಲೆ ಕೂರಿಸಿದ, ಚತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿದ, ಮರುದಿನ ಚತ್ರದವನಿಗೆ ಎರಡು ದಿನಾರಿ ಕೊಟ್ಟ, ಅಂದರೆ ಸುಮಾರು ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂತಿರುಗಿ ಬರುವಾಗ ಕೊಡುತ್ತೇನೆಂದ. ಪ್ರಥಮ ಚಿಕಿತ್ಸೆ, ಸಾಗಣೆ, ರಾತ್ರಿ ಕಾವಲು, ಮುಂಗಡ, ಮರುಭೇಟಿ ಎಲ್ಲ ಇದೆ. ಗಾಯಾಳುವಿಗೆ ಅವನು ತನ್ನ ಮತದ ವಿಷಯ ಹೇಳಿದ್ದು ಕಥೆಯಲ್ಲಿಲ್ಲ, ಆ ಕಥೆ ಹೇಳಿದವನು ಸ್ವತಃ ಯೇಸುವೇ. ನೆರೆಯವರು "ನೀವು ಯಾಕೆ ಬರ್ತೀರಿ?" ಎಂದು ಒಂದು ದಿನ ಕೇಳುತ್ತಾರೆ. ಕೇಳಿದಾಗ ಧಾರಾಳವಾಗಿ ಹೇಳಿ. ಕೇಳದಿದ್ದರೂ ಬುಧವಾರ ಮೂರಕ್ಕೆ ಹೋಗಿ.

---

ಸತ್ಯವಾಕ್ಯ_77

ಕೇಳಿದಾಗ ಹೇಳುವುದಕ್ಕೆ ಅಡ್ಡಿಯಿಲ್ಲ ಅಂದಿರಲ್ಲ, ಅಷ್ಟಾದರೂ ಆಯಿತು. ಉಳಿದದ್ದರಲ್ಲಿ ನನ್ನ ಅಭಿಪ್ರಾಯ ನನ್ನದು.

---

ವಾರ್ಡು_ಗುರ್ಕಾರ್

ಪರಮ ಪ್ರಸಾದ (ಆರಾಧನೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಅಥವಾ ನಿಮ್ಮ ಕಡೆಯ ಕರ್ತನ ಭೋಜನ ಮನೆಗೆ ಬರುವ ದಿನದ ತಯಾರಿಯೂ ಯುವಕರ ಕೈಲಾಗುವ ಕೆಲಸ. ಸಣ್ಣ ಮೇಜಿಗೆ ಬಿಳಿ ಬಟ್ಟೆ, ಶಿಲುಬೆ, ಒಂದು ಲೋಟ ನೀರು, ಚಮಚ. ಮೇಣದಬತ್ತಿ ರೂಢಿ, ಆದರೆ ಕೋಣೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಥವಾ ಯಂತ್ರ ನಡೆಯುತ್ತಿದ್ದರೆ ಮೇಣದಬತ್ತಿ, ಊದುಬತ್ತಿ ಯಾವುದೂ ಬೇಡ, ಬೆಂಕಿ ಹತ್ತುವುದು ಕ್ಷಣದ ಮಾತು. ನುಂಗಲು ಕಷ್ಟವಿರುವವರ ಬಗ್ಗೆ ಫಾದರಿಗೆ ಮುಂಚಿತವಾಗಿ ತಿಳಿಸಿದರೆ ಅತಿ ಸಣ್ಣ ತುಣುಕು ಕೊಡುತ್ತಾರೆ. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ನಮ್ಮಲ್ಲಿ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಎಷ್ಟೋ ಅಜ್ಜಿಯರು ಇದು ಗೊತ್ತಿಲ್ಲದೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹಸಿದು ಕಾಯುತ್ತಾರೆ.

ಎತ್ತುವ ಕೆಲಸಕ್ಕೆ ಆಗದ ಇಬ್ಬರಿಗೆ ಕಾಗದಪತ್ರ ಒಪ್ಪಿಸಿ, ಅದಕ್ಕೆ ಬೇಡಿಕೆ ಬಹಳ. ಕೇಂದ್ರ ಸರ್ಕಾರದ ಪಿಂಚಣಿದಾರರ ಜೀವನ ಪ್ರಮಾಣಪತ್ರ ನವೆಂಬರಿನಲ್ಲಿ ಕೊಡಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳಚ್ಚು ಸವೆದು ಯಂತ್ರ ಒಪ್ಪದವರಿಗೆ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮುಗಿಸಬಹುದು. ಮುಖಕ್ಕೆ ಕಿಟಕಿಯ ಬೆಳಕು ನೇರ ಬೀಳಲಿ, ಕಣ್ಣು ಮಿಟುಕಿಸಲು ಹೇಳಬೇಕಾಗುತ್ತದೆ. 70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಕಾರ್ಡು ಕೊಡುವುದು 2024ರಿಂದ ಇದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ. 65 ದಾಟಿದ ಬಡವರ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ ನಾಡಕಚೇರಿಗೆ. ಬರುತ್ತಿದ್ದ ಹಣ ನಿಂತಿದೆ ಎಂದವರದು ಬಹುಪಾಲು ಆಧಾರ್‌ ಮತ್ತು ಬ್ಯಾಂಕ್ ಖಾತೆಯ ಜೋಡಣೆ ತಪ್ಪಿರುವ ಸಮಸ್ಯೆ, ಮೊದಲು ಅದನ್ನು ನೋಡಿ. 70 ದಾಟಿದವರಿಗೆ ಮನೆಬಾಗಿಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಶಾಖೆಯಲ್ಲಿ ಲಿಖಿತವಾಗಿ ಕೇಳಿ. ಮನೆಯಲ್ಲಿ ಹೊಡೆತ, ಉಪವಾಸ ಕೆಡಹುವುದು ಕಂಡರೆ ಹಿರಿಯರ ಸಹಾಯವಾಣಿ 14567.

ಗಾಲಿಕುರ್ಚಿ, ಕಮೋಡ್ ಕುರ್ಚಿ, ವಾಕರ್, ಗಾಳಿ ಹಾಸಿಗೆ ಒಂದೊಂದು ಸಭೆಯದ್ದೇ ಇಟ್ಟುಕೊಂಡು ಸರದಿಯಲ್ಲಿ ಕೊಡಿ. ಯಾವುದು ಯಾರ ಮನೆಯಲ್ಲಿ, ಎಂದು ಕೊಟ್ಟದ್ದು ಎಂಬ ಪುಸ್ತಕ ಇರಲಿ. ವಾಕರಿನ ಹಿಡಿ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಮಡಿಕೆಯ ಎತ್ತರಕ್ಕೆ ಬರಬೇಕು, ಕೊಟ್ಟ ದಿನವೇ ಕಾಲು ಉದ್ದ-ಗಿಡ್ಡ ಮಾಡಿ ಬನ್ನಿ. ರೋಗಿ ತೀರಿಕೊಂಡ ಮನೆಗೆ ಸಾಮಾನು ಕೇಳಲು ಫೋನ್ ಮಾಡಬೇಡಿ. ಬುಧವಾರದ ಇಬ್ಬರು ಸಂಸ್ಕಾರದ ನಂತರವೂ ಮೂರು ತಿಂಗಳು ಹೋಗುತ್ತಿರಲಿ, ಮನೆಯವರೇ ಅವರಿಗೆ ಎಂದಾದರೂ "ಇದನ್ನು ತಗೊಂಡು ಹೋಗಿ, ಬೇರೆಯವರಿಗೆ ಆದೀತು" ಎನ್ನುತ್ತಾರೆ. ತಂದ ಮೇಲೆ ಸೋಪುನೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ, ಗಾಳಿ ಹಾಸಿಗೆಯನ್ನು ಒಮ್ಮೆ ಉಬ್ಬಿಸಿ ತೂತು ನೋಡಿ, ಆಮೇಲೆ ಮುಂದಿನ ಮನೆಗೆ ಕೊಡಿ.